ಮೋತ್ಯಾನ ಪಟ್ಟಿ

೧೯೬೨ನೇ ಇಸವಿ. ನನಗಾಗ ಮೂವತ್ತಾರು ವರ್ಷ. ಗಡಹಿಂಗ್ಲಜದಲ್ಲಿ ಕನ್ನಡ ಮಾಸ್ತರನಾಗಿದ್ದೆ. ಈ ಮುಂಜಾನೆ ಟ್ರಂಕಿನಿಂದ ಒಂದು ಚರ್ಮದ ಪಟ್ಟಿ ಹೊರಬಂದು, ಅದರ ಎಣ್ಣೆಯ ವಾಸನೆ ಮೂಗಿಗೆ ತಾಗಿದ್ದರಿಂದ ಇಷ್ಟನ್ನು ಹೇಳಬೇಕಾಯಿತು.

ನೆರೆಮನೆಯ ಮಲ್ಲೇಶಪ್ಪನವರು ಬೆಲ್ಲದ ವ್ಯಾಪಾರಿ. ಕಣ್ಣು ಪೂರ್ತಿ ಹೋದ ಮೇಲೂ ಪೇಟೆಯಲ್ಲಿ ಅವರಿಗೆ ಸಮನಾದವರಿರಲಿಲ್ಲ. ಅಲ್ಲಿ ದರ ಕುದುರುವುದು ಹೆಗಲ ಮೇಲಿನ ಬಟ್ಟೆಯಾದ ವಲ್ಲಿಯ ಮರೆಯಲ್ಲಿ, ಒಬ್ಬರ ಬೆರಳನ್ನೊಬ್ಬರು ಹಿಡಿದು. ಆ ವಲ್ಲಿಯ ಕೆಳಗೆ ಎಲ್ಲರೂ ಕುರುಡರೇ. ತೊಡಕಿದ್ದದ್ದು ಮನೆಯಿಂದ ಪೇಟೆಯವರೆಗಿನ ದಾರಿಯಲ್ಲಿ. ಎರಡು ಸಲ ಗಟಾರಕ್ಕೆ ಬಿದ್ದ ಮೇಲೆ ಅವರ ಹೆಂಡತಿ ಗೌರಕ್ಕ ತೀರ್ಪು ಕೊಟ್ಟಳು: “ಯಾರ ಕೈನೂ ಹಿಡೀದ ಒಮ್ಮೆ ಪ್ಯಾಟಿ ಮುಟ್ಟಿ ತೋರಸ್ರಿ. ಇಲ್ಲಾಂದ್ರ ಮನ್ಯಾಗ ಕುಂಡ್ರೂದು ಕಾಯಂ.”

ಪರದೇಶದಲ್ಲಿ ನಾಯಿಗಳು ಕುರುಡರನ್ನು ನಡೆಸುತ್ತವೆಂದು ಎಲ್ಲೋ ಓದಿದ್ದೆ. ಓದಿದ್ದನ್ನು ಯಾರಿಗಾದರೂ ಕಲಿಸದೆ ಬಿಡುವ ಸ್ವಭಾವ ನನ್ನದಲ್ಲ. ಮಲ್ಲೇಶಪ್ಪನವರ ಕಟ್ಟೆಯ ಮೇಲೆ ಮಲಗುತ್ತಿದ್ದ, ನಡಿಗೆಯಲ್ಲಿ ಅವರಷ್ಟೇ ನಿಧಾನಿಯಾದ ಮೋತ್ಯಾ ಎಂಬ ನಾಯಿಯನ್ನು ಆರಿಸಿದೆ. ಕೊಲ್ಹಾಪುರದಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಭೀಮಣ್ಣನಿಂದ ಹಿಡಿಕೆಯುಳ್ಳ ಪಟ್ಟಿ ಮಾಡಿಸಿದೆ. ವೇಳಾಪಟ್ಟಿ ಹಾಕಿ ಮೂರು ತಿಂಗಳು ಪಾಠ ನಡೆಸಿದೆ. ಗಟಾರ ಬಂದಾಗಲೆಲ್ಲ ನಾಯಿ ನಿಲ್ಲುತ್ತಿತ್ತು. ನನ್ನ ಹೆಮ್ಮೆಗೆ ಮಾತ್ರ ನಿಲುಗಡೆ ಇರಲಿಲ್ಲ.

ಹೊಲಿಗೆ ಸರಿಪಡಿಸಲು ಬಂದ ಭೀಮಣ್ಣ ನಮ್ಮ ಹಿಂದೆ ನಡೆದು ನಕ್ಕುಬಿಟ್ಟ.

“ಅಹೋ ಮಾಸ್ತರ, ಗಟಾರ ಕಂಡಕೂಡ್ಲೆ ನೀವ ಮೊದಲ ನಿಂದರ್ತೀರಿ. ನಿಮ್ಮನ್ನ ನೋಡಿ ಅದು ನಿಂದರ್ತೈತಿ. ಕಲತಾವ್ರು ಯಾರು? ಕಣ್ಣ ಕಟ್ಟಿಕೊಂಡ ಹೋಗ್ರಿ, ನೋಡೋಣು!”

ಕಟ್ಟಿಕೊಂಡೆ. ಹತ್ತನೆಯ ಹೆಜ್ಜೆಗೆ ಗಟಾರದಲ್ಲಿದ್ದೆ.

“ಸಪ್ಪಳದ ಮ್ಯಾಲೆ ಜಾಗಾ ಗೊತ್ತಾತ್ರಿ,” ಎಂದರು ಕಟ್ಟೆಯಿಂದ ಮಲ್ಲೇಶಪ್ಪನವರು. “ನಾನೂ ಅಲ್ಲೇ ಬಿದ್ದಿದ್ದೆ. ಭಾಳ ಮೆತ್ತಗ ಐತಿ.”

ಅಂದಿನಿಂದ ಪಾಠ ಕಣ್ಣು ಕಟ್ಟಿಕೊಂಡೇ ನಡೆಯಿತು. ನಾನು ಬಿದ್ದಾಗಲೆಲ್ಲ ಮೋತ್ಯಾ ದಡದಲ್ಲಿ ನಿಂತು ನೋಡುತ್ತಿತ್ತು. ಎಷ್ಟನೆಯದೋ ಸಲ, ಗಟಾರದ ಮುಂದೆ ಅಡ್ಡನಿಂತು ನನ್ನ ಮೊಳಕಾಲನ್ನು ಹಿಂದಕ್ಕೆ ದೂಡಿತು. ಮರುದಿನವೇ ಹಿಡಿಕೆಯನ್ನು ಮಲ್ಲೇಶಪ್ಪನವರಿಗೊಪ್ಪಿಸಿದೆ. ಅವರಿಬ್ಬರ ಹೆಜ್ಜೆ ಹೊಂದಲು ಮತ್ತೆ ಒಂದು ತಿಂಗಳು ಹಿಡಿಯಿತು.

ಪರೀಕ್ಷೆಯ ದಿನ ಗೌರಕ್ಕ ಇಪ್ಪತ್ತು ಹೆಜ್ಜೆ ಹಿಂದೆ, ನಾನು ಅವಳ ಹಿಂದೆ. ಗಟಾರದ ಬಳಿ ಮೋತ್ಯಾ ಅಡ್ಡನಿಂತಿತು. ಮಲ್ಲೇಶಪ್ಪನವರು ನಿಂತರು, ಅದರೊಡನೆ ಬಳಸಿ ನಡೆದರು. ಪೇಟೆಯಲ್ಲಿ ಯಾರೋ ವಲ್ಲಿ ಚಾಚಿದರು. ಮಲ್ಲೇಶಪ್ಪನವರು ಅದರ ಕೆಳಗೆ ಕೈ ನೀಡಿದರು.

ಗೌರಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, “ಆತು. ನಾಳಿಂದ ಬುತ್ತಿ ಇಬ್ಬರಿಗೂ ಕಟ್ಟತೇನಿ,” ಎಂದಳು.

ಮೋತ್ಯಾ ಮುದಿಯಾಗಿ ಸತ್ತ ಮೇಲೆ ಪಟ್ಟಿ ನನ್ನ ಬಳಿಗೆ ಬಂತು. ಇಂದು ಅದನ್ನು ಹಿಡಿದು, ಕಣ್ಣು ಮುಚ್ಚಿ, ಬಾಗಿಲವರೆಗೆ ನಡೆದು ನೋಡಿದೆ. ಮಂಚದ ಕಾಲು ನನ್ನನ್ನು ಹಿಡಿದು ನಿಲ್ಲಿಸಿತು. ಒಬ್ಬನೇ ನಕ್ಕೆ. ಪಟ್ಟಿಯನ್ನು ಮತ್ತೆ ಟ್ರಂಕಿಗೆ ಹಾಕದೆ ಬಾಗಿಲ ಬದಿಯ ಗೂಟಕ್ಕೆ ತೂಗುಹಾಕಿದೆ. ಗೌರಕ್ಕ ಒಪ್ಪಿದ ದಿನವನ್ನು ಭೀಮಣ್ಣ ಕಾದ ಮೊಳೆಯಿಂದ ಅದರ ಒಳಬದಿಗೆ ಬರೆದದ್ದು ಇನ್ನೂ ಬೆರಳಿಗೆ ತಿಳಿಯುತ್ತದೆ: ಸೋಮವಾರ, ೧೧ ಫೆಬ್ರವರಿ ೧೯೬೩.