ಮುರಿದ ದರ್ಭೆಯ ಪುಟ

ಬಜೆಯ ವಾಸನೆ ಅಂದರೆ ಎಲ್ಲರಿಗೂ ಎಳೆಗೂಸಿನ ನಾಲಿಗೆಗೆ ತೇಯ್ದು ಹಚ್ಚಿದ್ದು ನೆನಪಾಗಬೇಕು. ನನಗೆ ಪುಸ್ತಕ ನೆನಪಾಗುತ್ತದೆ. ಹೋದ ವಾರ ಹಾಸನದಿಂದ ಬಂದ ಹೆಂಗಸೊಬ್ಬರು ಕೆಂಪು ವಸ್ತ್ರದ ಗಂಟನ್ನು ನನ್ನ ಕೈಗಿಟ್ಟು, "ನಮ್ಮತ್ತೆ ಹೋಗಿ ಒಂದು ತಿಂಗಳಾಯ್ತು. ಇದು ನಿಮಗೇ ಸೇರಬೇಕು ಅಂದಿದ್ರು" ಎಂದರು. ಗಂಟು ಬಿಚ್ಚುವ ಮೊದಲೇ, ಹುಳು ಹಿಡಿಯದಿರಲೆಂದು ಒಳಗಿಟ್ಟಿದ್ದ ಬಜೆಯ ಬೇರು ಅದು ಯಾರ ಪುಸ್ತಕ ಎಂದು ಹೇಳಿಬಿಟ್ಟಿತ್ತು.

ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಆ ಪುಸ್ತಕದ ಒಡತಿ ಎಲ್ಲರಿಗೂ ಮೇಷ್ಟ್ರಮ್ಮ. ಗಂಡ ಮೇಷ್ಟ್ರಾಗಿದ್ದರು, ಅದಕ್ಕೆ ಆ ಹೆಸರು. ಅವರ ಸ್ವಂತ ಹೆಸರು ಯಾರಿಗೂ ಬೇಕಿರಲಿಲ್ಲ. ತವರು ರುದ್ರಪಟ್ಟಣ, ಹಾಡುವವರ ಮನೆ. ಆದರೆ ಅವರು ಹಾಡಿದ್ದನ್ನು ನಮ್ಮ ಬೀದಿ ಕೇಳಿರಲಿಲ್ಲ. ಪುರಾಣ ಓದುವಾಗ ಎಲ್ಲೋ ಒಂದು ಸಾಲು ತಾನಾಗಿ ರಾಗಕ್ಕೆ ಹೊರಳುತ್ತಿತ್ತು... ಥಟ್ಟನೆ ನಿಲ್ಲಿಸಿ, ಮೇಷ್ಟ್ರು ಮಲಗಿದ್ದ ಕೋಣೆಯ ಕಡೆ ನೋಡಿ, ಮತ್ತೆ ಬರೀ ಓದಿಗೆ ಇಳಿಯುತ್ತಿದ್ದರು.

ನಾನು ಹಳೇಕೋಟೆಯ ಒಕ್ಕಲು ಮನೆಯವಳು, ಅವರ ಪಕ್ಕದ ಮನೆಗೆ ಸೊಸೆಯಾಗಿ ಬಂದವಳು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಅವರ ಜಗಲಿಗೆ ಹೋಗಿ ಕೂರುತ್ತಿದ್ದೆ. "ಅವ್ರ ಪುಸ್ತಕ ನಮ್ಗ್ಯಾಕವ್ವ, ರಾಗಿ ಬೀಸಿದ್ರೆ ಪುಣ್ಯ ಬರಾಕಿಲ್ವಾ?" ಎಂದು ಅತ್ತೆ ಗೊಣಗುತ್ತಿದ್ದರು. ಮೇಷ್ಟ್ರಮ್ಮ ಮಾತ್ರ ಮಡಿ ಮೈಲಿಗೆ ಅನ್ನದೆ ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟು ಓದಿಸುತ್ತಿದ್ದರು. ಪುಣ್ಯ ಬರಲೆಂದು ಸುಮ್ಮನೆ ಪುಟ ಮಗುಚುವುದು ಅವರಿಗೆ ಆಗದು. "ಒಂದು ಸಾಲು ನಿನಗೆ ಚುಚ್ಚೋ ತನಕ ಓದು ಮಗು. ಚುಚ್ಚಿದ ಕೂಡಲೇ ಮುಚ್ಚು. ಇವತ್ತಿನ ಪಾಲು ಅಷ್ಟೇ" ಎನ್ನುತ್ತಿದ್ದರು. ಅತ್ತೆಯ ಮನೆ ಸೇರಿದ ಮೇಲೆ ನನಗಿದ್ದ ಗಾಳಿ ಅದೊಂದೇ.

ಆಗ ಹಾಸನದಲ್ಲಿ ಟೀಚರ್ ಟ್ರೈನಿಂಗಿಗೆ ನನಗೆ ಸೀಟು ಸಿಕ್ಕಿತು. ಗಂಡ ಬಾಯಿ ಬಿಡಲಿಲ್ಲ. ಅತ್ತೆ ಬಿಟ್ಟರು. "ಆಸನಕ್ಕೆ ಓಗದಾದ್ರೆ ಅಂಗೇ ಓಗ್ಬುಡು. ತಿರ್ಗ ಈ ಬಾಗ್ಲು ತುಳೀಬ್ಯಾಡ." ಸೇರಲು ನಾಲ್ಕು ದಿನ ಉಳಿದಿತ್ತು. ನಾನು ಮೇಷ್ಟ್ರಮ್ಮನ ಮುಂದೆ ಅತ್ತು, ಪುಸ್ತಕದಲ್ಲಿ ಪ್ರಶ್ನೆ ಇಡುತ್ತೇನೆ ಎಂದೆ.

ಪ್ರಶ್ನೆ ಇಡುವುದೆಂದರೆ ಸ್ನಾನ ಮಾಡಿ, ದೀಪ ಹಚ್ಚಿ, ಕಣ್ಣು ಮುಚ್ಚಿ ಮುಚ್ಚಿದ ಪುಸ್ತಕದೊಳಗೆ ದರ್ಭೆಯ ಕಡ್ಡಿ ತೂರಿಸುವುದು. ಅದು ಹೊಕ್ಕಲ್ಲಿ ಪುಸ್ತಕ ತೆರೆದರೆ ಬಲಗಡೆ ಪುಟದ ಮೊದಲ ಸಾಲೇ ಉತ್ತರ. ಆಮೇಲೆ ದರ್ಭೆಯ ತುದಿ ಮುರಿದು ಅಲ್ಲೇ ಬಿಡಬೇಕು. ಹೀಗೆ ಮೂರು ದಿನ. ಇದನ್ನು ಹೇಳಿಕೊಟ್ಟವರೂ ಅವರೇ, ಆದರೆ ಆ ದಿನ ಯಾಕೋ ಪುಸ್ತಕ ಕೊಡಲು ಹಿಂದೆಮುಂದೆ ನೋಡಿದರು.

ಮೊದಲ ದಿನ ಬಂದದ್ದು, ಋಷಿಯೊಬ್ಬ ಕಷ್ಟದಲ್ಲಿದ್ದ ಹೆಣ್ಣಿಗೆ ಇರುವಲ್ಲೇ ಇದ್ದು ಕಾಲ ಕಾಯಲು ಹೇಳುವ ಸಾಲು. ಎರಡನೆಯ ದಿನವೂ ಅದೇ. ಮೂರನೆಯ ದಿನವೂ ಅದೇ! ನಾನು ಪುಸ್ತಕಕ್ಕೆ ಕೈ ಮುಗಿದೆ. ಮೇಷ್ಟ್ರಮ್ಮನ ಮುಖ ಮಾತ್ರ ಸಪ್ಪಗಾಯಿತು. ಪುಸ್ತಕವನ್ನು ನನ್ನಿಂದ ಎಳೆದುಕೊಂಡು ಮುಚ್ಚಿದರು.

"ಇದರ ಮಾತು ಕಟ್ಟಿಕೊಂಡು ಕೂರಬೇಡ ಕಣೇ. ನಾಳೆ ಬೆಳಿಗ್ಗೆ ಬಾ, ನಿನ್ನ ಹತ್ರ ಮಾತಾಡಬೇಕು."

"ಮೂರ್ ಸಲಾನೂ ಅದೇ ಬಂತಲ್ಲಮ್ಮ, ಇನ್ನೇನ್ ಮಾತಾಡದು?" ಎಂದೆ.

ಮಾರನೆಯ ಬೆಳಿಗ್ಗೆ ನಾನು ಹೋಗಲಿಲ್ಲ. ನಿಜ ಹೇಳುತ್ತೇನೆ, ಆ ಸಾಲು ಬಂದಾಗ ದುಃಖದ ಜೊತೆಗೆ ಒಳಗೊಳಗೇ ನಿರಾಳವೂ ಆಗಿತ್ತು. ಹೊಸಿಲು ದಾಟುವ ಧೈರ್ಯ ನನಗಿರಲಿಲ್ಲ. ದೇವರ ಹೆಸರಿನಲ್ಲಿ ನೆಪ ಸಿಕ್ಕಿತ್ತು. ಅವರು ಅದನ್ನೆಲ್ಲಿ ಕಿತ್ತುಕೊಳ್ಳುತ್ತಾರೋ ಎಂದು ಹೆದರಿದೆ. ಗೋಡೆಯಾಚೆಯಿಂದ ಎರಡು ಸಲ ಕರೆದರು. ನಾನು ಒಲೆ ಊದುತ್ತಾ ಕೂತಿದ್ದೆ.

ಸೀಟು ಹೋಯಿತು. ಮತ್ತೆ ಜಗಲಿಗೆ ಹೋಗತೊಡಗಿದಾಗ ಅವರು ಆ ವಿಷಯ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕೆಲವು ವರ್ಷಕ್ಕೆ ಮೇಷ್ಟ್ರು ತೀರಿಕೊಂಡರು, ಅವರು ಮಗನ ಜೊತೆ ಹಾಸನಕ್ಕೆ ಹೋದರು. ಅಲ್ಲಾದರೂ ಹಾಡಿದರೋ ಇಲ್ಲವೋ... ಗೊತ್ತಿಲ್ಲ. ಇಷ್ಟು ಹತ್ತಿರದ ಊರು, ಒಂದು ಸಲ ನೋಡಿಕೊಂಡು ಬರಲಿಲ್ಲ ನಾನು.

ಹೋದ ವಾರ ಅದೇ ಮನೆಯಲ್ಲಿ, ಅವರು ಆಚೆಯಿಂದ ಕರೆದಿದ್ದ ಅದೇ ಗೋಡೆಗೆ ಒರಗಿ ಗಂಟು ಬಿಚ್ಚಿದೆ. ಪುಸ್ತಕವನ್ನು ಬೆನ್ನು ಕೆಳಗಾಗಿ ನೆಲದ ಮೇಲೆ ನಿಲ್ಲಿಸಿ ಕೈ ಬಿಟ್ಟೆ. ಅದು ತಾನಾಗಿ ಬಿಚ್ಚಿಕೊಂಡಿತು. ಅದೇ ಪುಟ. ಮುಚ್ಚಿ ಮತ್ತೆ ಇಟ್ಟೆ, ಮತ್ತೆ ಅದೇ ಪುಟ. ಅಲ್ಲಿ ಹೊಲಿಗೆಯೇ ಸಡಿಲಾಗಿತ್ತು. ಅಂಚಿನಲ್ಲಿ ಮೇಷ್ಟ್ರಮ್ಮನ ಅರಿಶಿನದ ಹೆಬ್ಬೆರಳ ಗುರುತು, ದೀಪದೆಣ್ಣೆಯ ಕಲೆ. ಯಾವ ಕಡ್ಡಿ ತೂರಿದರೂ ಹೋಗಿ ಬೀಳುವುದು ಅಲ್ಲಿಗೇ. ಆ ಬೆಳಿಗ್ಗೆ ಅವರು ಹೇಳಬೇಕೆಂದಿದ್ದು ಇದನ್ನೇ ಇರಬೇಕು. ಹೇಳಲು ಈಗ ಅವರಿಲ್ಲ.

ಸಡಿಲಾದ ಹೊಲಿಗೆಯನ್ನು ಇನ್ನಷ್ಟು ಅಗಲಿಸಿ ನೋಡಿದೆ. ಸಂದಿಯ ತುಂಬ ಒಣಗಿದ ದರ್ಭೆಯ ತುದಿಗಳು. ಆಯ್ದು ಸೆರಗಿಗೆ ಹಾಕಿಕೊಂಡಷ್ಟೂ ಬರುತ್ತಲೇ ಇದ್ದವು. ಅವುಗಳಲ್ಲಿ ಮೂರು ಮಾತ್ರ ನನ್ನವು.