ಮೂರು ಸಲ ತೊಳೆದ ತಟ್ಟೆ

ಮಂಜುಳಾ, ನಿನ್ನ ಕೈ ಕೆಟ್ಟಿರಲಿಲ್ಲ. ಕೆಟ್ಟದ್ದು ನನ್ನ ಕೈ. ಇಷ್ಟನ್ನು ಹೇಳಲು ಹನ್ನೊಂದು ವರ್ಷ ತೆಗೆದುಕೊಂಡೆ — ನಾಚಿಕೆಗೇಡಿ ನಾನು.

ನೀನು ಸವದತ್ತಿಯಿಂದ ದಿನಾ ಬಸ್ಸು ಹತ್ತಿ ಬೈಲಹೊಂಗಲದ ನಮ್ಮ ಪ್ರಯೋಗಾಲಯಕ್ಕೆ ಬರುತ್ತಿದ್ದೆ. ನಾನು ನಿನ್ನ ಮಾರ್ಗದರ್ಶಕ. ಹಲ್ಲುಸೆಟ್ಟಿನ ಮೇಲೆ ಶಿಲೀಂಧ್ರ ಕಟ್ಟುವ ಲೋಳೆಪದರವನ್ನು ತಡೆಯುವ ಸಂಯುಕ್ತವೊಂದನ್ನು ಹುಣಸೆಬೀಜದ ಸಿಪ್ಪೆಯಿಂದ ತೆಗೆದಿದ್ದೇನೆಂದು ಬೀಗುತ್ತಿದ್ದವ. ಪರೀಕ್ಷೆ ಸರಳ. ಸಣ್ಣ ಗುಳಿಗಳ ತಟ್ಟೆಯಲ್ಲಿ ಶಿಲೀಂಧ್ರ ಬೆಳೆಸಬೇಕು, ಅರ್ಧ ಗುಳಿಗಳಿಗೆ ಮಾತ್ರ ಸಂಯುಕ್ತ ಹಾಕಬೇಕು, ಮೂರು ಸಲ ತೊಳೆದು ನೇರಳೆ ಬಣ್ಣ ಹಾಕಬೇಕು. ಪದರ ಉಳಿದಲ್ಲಿ ನೇರಳೆ ಹಿಡಿಯುತ್ತದೆ. ಎಲ್ಲ ಗುಳಿಗಳನ್ನೂ ಒಂದೇ ಹದದಲ್ಲಿ ತೊಳೆಯಬೇಕು — ನಾನೇ ನಿನಗೆ ಕಲಿಸಿದ ಮೊದಲ ಪಾಠ.

ನಾನು ಹಾಗೆ ತೊಳೆಯುತ್ತಿರಲಿಲ್ಲ. ಸಂಯುಕ್ತ ಹಾಕಿದ ಗುಳಿಗಳಿಗೆ ನೀರನ್ನು ರಭಸದಿಂದ ಬಿಡುತ್ತಿದ್ದೆ; ಉಳಿದವಕ್ಕೆ ಅಂಚಿನಿಂದ ಮೆಲ್ಲಗೆ. ಮೊದಮೊದಲು ಗೊತ್ತಿಲ್ಲದೆ... ಇಲ್ಲ, ಸುಳ್ಳು. ಗೊತ್ತಿತ್ತು. ಪದರವನ್ನು ಕಿತ್ತದ್ದು ನೀರು, ಹೆಸರು ಬಂದದ್ದು ಸಂಯುಕ್ತಕ್ಕೆ.

ನಾನು ಕಲಿಸಿದಂತೆಯೇ ನೀನು ತೊಳೆದೆ. ಆರು ಸಲವೂ ತಟ್ಟೆಯ ತುಂಬ ನೇರಳೆ. ನನ್ನ ಮೇಜಿನ ಮುಂದೆ ಬಂದು ನಿಂತು ಹೇಳಿದೆ: "ಸರ್, ಇದು ಕೆಲಸ ಮಾಡವಲ್ದರಿ. ಒಮ್ಮೆ ನನ್ನ ಮುಂದ ನೀವ ತೊಳದು ತೋರಸ್ರಿ."

ನನ್ನ ಮೈ ಉರಿದುಹೋಯಿತು. ಉಳಿದ ನಾಲ್ವರು ವಿದ್ಯಾರ್ಥಿಗಳು ಕೇಳುವಂತೆ ಅಂದೆ: "ನಿನ್ನ ಕೈಗುಣನ ಸರಿ ಇಲ್ಲ. ಮನ್ಯಾಗ ಭಾಂಡೆ ತಿಕ್ಕ ಹೋಗು."

ನೀನು ಹೋದೆ. ಪಿಎಚ್‌.ಡಿ. ಅಲ್ಲಿಗೇ ನಿಂತಿತು. ಕೆಲಸ ಬಾರದ ಹುಡುಗಿ ಎಂದು ನಾನು ಊರೆಲ್ಲ ಸಾರಿದೆ. ನನ್ನ ಪ್ರಬಂಧ ಅಚ್ಚಾಯಿತು, ಶಾಲು ಹೊದಿಸಿದರು, ಹೊದ್ದುಕೊಂಡೆ. ಆ ಶಾಲನ್ನು ನೋಡಿದರೆ ಈಗ ಹೇಸಿಗೆಯಾಗುತ್ತದೆ. ಹೊದಿಸಿದವರಲ್ಲಿ ಒಬ್ಬನಾದರೂ ತೊಳೆದು ತೋರಿಸು ಎನ್ನಲಿಲ್ಲವಲ್ಲ!

ಹೋದ ತಿಂಗಳು ಅಂಗುಳ ಕೆಂಪಾಗಿ, ರೊಟ್ಟಿ ತಿನ್ನಲಾಗದೆ, ಸವದತ್ತಿಯ ದಂತವೈದ್ಯರಲ್ಲಿಗೆ ಬಂದೆ. ನನ್ನ ಹಲ್ಲುಸೆಟ್ಟನ್ನು ದಿನಾ ನನ್ನದೇ ಸಂಯುಕ್ತದಲ್ಲಿ ನೆನೆಸಿಡುತ್ತಿದ್ದೆ — ಮೂರ್ಖತನಕ್ಕೂ ಮಿತಿ ಬೇಡವೇ. ಅಲ್ಲಿ ಹಲ್ಲುಸೆಟ್ಟು ಮಾಡುವವಳು ನೀನೇ. ನನ್ನ ಗುರುತು ಹಿಡಿದೆ. ಸೆಟ್ಟನ್ನು ಬೆಳಕಿಗೆ ಹಿಡಿದು, ಲೋಳೆಯನ್ನು ಉಗುರಿನಿಂದ ತೋರಿಸಿದೆ.

"ನೆನೆ ಇಟ್ರ ಹೋಗಂಗಿಲ್ರಿ, ಸರ್. ತಿಕ್ಕಬೇಕ್ರಿ."

ನೀನೇ ತಿಕ್ಕಿ, ತೊಳೆದು, ಎರಡೂ ಕೈಯಿಂದ ಕೊಟ್ಟೆ. ಒಂದು ಬಿರುಮಾತಿಲ್ಲ. ಎರಡು ದಿನ ನಿನ್ನ ಮೇಲೆಯೇ ಕುದಿದೆ, ಇಂಥ ನೀಚ ನಾನು. ಮೂರನೆಯ ದಿನ ಆ ಸಿಟ್ಟು ಹೋಗಬೇಕಾದಲ್ಲಿಗೆ ಹೋಯಿತು.

ನಿನ್ನ ನೋಟುಬುಕ್ಕನ್ನು ಅಂದು ನಾನೇ ಡ್ರಾಯರಿನಲ್ಲಿ ಬಚ್ಚಿಟ್ಟಿದ್ದೆ. ಅದರ ಆರೂ ಫಲಿತಾಂಶಗಳ ಜೊತೆ, ಪ್ರಬಂಧವನ್ನು ಹಿಂತೆಗೆಯಿರಿ, ಮೋಸ ನನ್ನದು ಎಂದು ಅದನ್ನು ಅಚ್ಚು ಹಾಕಿದ ಪತ್ರಿಕೆಗೂ ನಮ್ಮ ಕಾಲೇಜಿಗೂ ಬರೆದು ಕಳಿಸಿದ್ದೇನೆ. ಅಂದು ಕೇಳಿಸಿಕೊಂಡ ನಾಲ್ವರಿಗೂ ಹೇಳಿದ್ದೇನೆ. ನಿನ್ನ ಹನ್ನೊಂದು ವರ್ಷ ಇದರಿಂದ ಬಾರದು. ಕ್ಷಮೆ ಕೇಳುತ್ತಿಲ್ಲ.

ನಿನ್ನೆ ಹೊಸ ವಿದ್ಯಾರ್ಥಿಗಳ ಮುಂದೆ ಮತ್ತೆ ತಟ್ಟೆ ತೊಳೆದೆ, ಒಂದೇ ಹದದಲ್ಲಿ. ತಟ್ಟೆಯ ತುಂಬ ನೇರಳೆ. ಇದು ಯಾರ ಪ್ರಯೋಗ ಸರ್ ಎಂದು ಕೇಳಿದರು. ತಟ್ಟೆಯ ಮುಚ್ಚಳದ ಮೇಲೆ ನಿನ್ನ ಹೆಸರು ಬರೆದೆ.