ಹಳೆ ಅಡಿಕೆಯ ಉದಾಹರಣೆ

ಕಡಬದ ಟೈಲರ್ ಅಕ್ಕನಿಗೆ ನಾನು ‘ಶೇರು ಮಾರಿಬಿಡಿ’ ಎಂದು ಹೇಳಿದ್ದೆ. ಹಾಗೆಂದು ಇತ್ತೀಚಿನವರೆಗೂ ನಂಬಿದ್ದೆ. ಬಸ್‌ಸ್ಟ್ಯಾಂಡಿನ ಹಿಂದಿನ ಅವರ ಅಂಗಡಿ, ನೆಲದ ಮೇಲೆ ರವಿಕೆಯ ತುಂಡುಗಳು, ನಾನು ಕೂತ ಪ್ಲಾಸ್ಟಿಕ್ ಸ್ಟೂಲು, ಎಲ್ಲವೂ ಕಣ್ಣ ಮುಂದೆ ಇದೆ. ಅಷ್ಟು ಸ್ಪಷ್ಟವಾಗಿರುವುದನ್ನು ಕಂಡಾದರೂ ನನಗೆ ಅನುಮಾನ ಬರಬೇಕಿತ್ತು.

ನಾನು ಪುತ್ತೂರಿನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಮನೆ ಕಡಬದಲ್ಲಿ. ಸಂಜೆ ಬಸ್ಸಿಳಿದರೆ ಅಕ್ಕನ ಅಂಗಡಿಯ ಮುಂದಿನಿಂದಲೇ ಹೋಗಬೇಕು. ಅವರ ತವರು ಪಂಜದ ಕಡೆ. ವರ್ಷವೂ ಅಲ್ಲಿಂದ ಅವರ ಪಾಲಿಗೆಂದು ಬರುವ ಅಡಿಕೆಯನ್ನು ಕೂಡಲೇ ಮಾರದೆ, ಹಳತಾದ ಮೇಲೆ ಮಾರುತ್ತಿದ್ದರು. ಹೊಸ ಅಡಿಕೆಗಿಂತ ಹಳೆಯದಕ್ಕೆ ರೇಟು ಹೆಚ್ಚು. ಇಲ್ಲಿ ಅದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಹಾಗೆ ಬಂದ ದುಡ್ಡಿನಲ್ಲಿ ಕಳೆದ ವರ್ಷ ಪಂಪು ತಯಾರಿಸುವ ಒಂದು ಕಂಪನಿಯ ಶೇರು ಕೊಂಡರು. ಹೇಳಿದ್ದು ಒಂದು ವಾಟ್ಸಾಪ್ ಗುಂಪು, ಮೊಬೈಲಿನಲ್ಲಿ ಕೊಂಡು ಕೊಟ್ಟದ್ದು ತಂಗಿಯ ಮಗಳು. ರಸ್ತೆ ಬದಿಯಲ್ಲಿ ಏಳುತ್ತಿದ್ದ ಹೊಸ ಕಟ್ಟಡದಲ್ಲಿ ಒಂದು ರೂಮು ಹಿಡಿಯುವುದಕ್ಕೆ, ಅದರ ಅಡ್ವಾನ್ಸಿಗೆ ಎಂದು ಕೂಡಿಟ್ಟ ದುಡ್ಡು ಅದು. ಈಗಿನ ಅಂಗಡಿಗೆ ಬೆಳಕು ಬರುವುದಿಲ್ಲ. ಸೂಜಿಗೆ ಕಪ್ಪು ನೂಲು ಪೋಣಿಸಬೇಕಾದರೆ ಅಕ್ಕ ಎದ್ದು ಬಾಗಿಲಿಗೆ ಬರುತ್ತಿದ್ದರು.

ಶೇರು ಇಳಿಯತೊಡಗಿದಾಗ ನನ್ನನ್ನು ಕರೆದರು. ಓದಿದವನಲ್ಲವೇ, ಗುಂಪಿನಲ್ಲಿ ಬರುವುದರಲ್ಲಿ ಯಾವುದು ನಿಜ ಎಂದು ಹೇಳಬೇಕಂತೆ. ನನ್ನನ್ನೂ ಗುಂಪಿಗೆ ಸೇರಿಸಿಕೊಂಡರು. ಬೆಳಗಾದರೆ ಶುಭೋದಯದ ಹೂಗಳು, ಅಡಿಕೆ ಮತ್ತು ರಬ್ಬರಿನ ಧಾರಣೆ, ಯಾರದೋ ಲಾಭದ ಸ್ಕ್ರೀನ್‌ಶಾಟು, ಕಾರಿನೊಳಗೆ ಕೂತು ಮಾತಾಡುವ ಒಬ್ಬನ ವಿಡಿಯೋ. ಅದೇ ವಿಡಿಯೋ ಮಧ್ಯಾಹ್ನ ಬೇರೆಯವರಿಂದ ಮತ್ತೆ ಬರುತ್ತಿತ್ತು. ನಾನೊಂದು ಕ್ರಮ ಹೇಳಿಕೊಟ್ಟೆ: ಇದನ್ನು ಮೊದಲು ಹೇಳಿದವರು ಯಾರು, ನಾವು ನಂಬಿದರೆ ಅವರಿಗೇನು ಸಿಗುತ್ತದೆ, ಇಷ್ಟು ಕೇಳಿಕೊಳ್ಳಿ ಎಂದು. ಅಕ್ಕ ಅದನ್ನು ನನಗಿಂತ ಚೆನ್ನಾಗಿ ಹಿಡಿದುಕೊಂಡರು. ಅಡಿಕೆ ಆರಿಸುವಾಗ ಕೆಟ್ಟದ್ದನ್ನು ಕರಿಗೋಟು ಎಂದು ಬದಿಗೆ ಹಾಕುತ್ತಾರಲ್ಲ, ಹಾಗೆಯೇ ಬೆರಳಲ್ಲಿ ಸರಿಸುತ್ತಾ ಹೋಗುತ್ತಿದ್ದರು. “ಇದು ಕರಿಗೋಟು. ಇದೂ ಕರಿಗೋಟು. ಇವ ಕಾರಿನವ ಅಂತೂ ಸಿಪ್ಪೆಯೇ, ಮಾಷ್ಟ್ರೇ.”

ವಾರವಾದ ಮೇಲೆ ಉಳಿದದ್ದು ಒಂದೇ. ಕಂಪನಿಯೇ ಹೊರಡಿಸಿದ ಇಂಗ್ಲಿಷ್ ವರದಿ. ಗುಂಪಿನಲ್ಲಿ ಅದನ್ನು ಯಾರೂ ತೆರೆದಂತೆ ಕಾಣಲಿಲ್ಲ; ಅದರ ಕೆಳಗೆ ಒಬ್ಬರು ಹುಟ್ಟುಹಬ್ಬದ ಶುಭಾಶಯ ಹಾಕಿದ್ದರು. ಪುತ್ತೂರಿನ ಬಸ್ಸಿನಲ್ಲಿ ಎರಡು ಸಲ ಓದಿದೆ. ನಷ್ಟವಾಗಿದೆ ಎಂದಿತ್ತು. ಕಾರ್ಖಾನೆಯನ್ನು ಬೇರೆ ಕಡೆಗೆ ಸಾಗಿಸಿದ್ದರಿಂದ ಈ ಒಂದು ಸಲ ಮಾತ್ರ ಎಂದೂ ಇತ್ತು. ನಂಬಿದರೆ ಯಾರಿಗೆ ಲಾಭ? ಕಂಪನಿಗೇ. ಹಾಗಾದರೆ ನನ್ನ ಕ್ರಮದ ಪ್ರಕಾರ ಇದನ್ನೂ ಬದಿಗೆ ಹಾಕಬೇಕಿತ್ತು. ಹಾಕಿದರೆ ಉಳಿಯುವುದೇನು? ಇಷ್ಟು ವರ್ಷ ಪಾಠ ಮಾಡಿದ ನನಗೆ ಆ ನಷ್ಟ ದೊಡ್ಡದೋ ಸಣ್ಣದೋ ಎಂದು ಹೇಳಲಾಗಲಿಲ್ಲ.

ಆ ಸಂಜೆಯೇ ನಾನು ‘ಮಾರಿಬಿಡಿ’ ಎಂದದ್ದು, ನನ್ನ ನೆನಪಿನಲ್ಲಿ. ಅಕ್ಕ ಮಾರಲಿಲ್ಲ. ಶೇರನ್ನೂ ಅಡಿಕೆಯೆಂದು ತಿಳಿದು ಹಳತಾಗಲಿ ಎಂದು ಇಟ್ಟರು, ಅದು ಮತ್ತೂ ಇಳಿಯಿತು. ಈ ಕತೆಯನ್ನು ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ. ಸುಳ್ಯದ ಕಡೆಯ ಒಬ್ಬರು, ನಮ್ಮವರಿಗೆ ಎಲ್ಲವೂ ಅಡಿಕೆಯೇ ಎಂದು ನಕ್ಕದ್ದು ನೆನಪಿದೆ. ಕ್ಲಾಸಿನಲ್ಲಿಯೂ ಹೇಳಿರಬೇಕು.

ಮೊನ್ನೆ ಮೊನ್ನೆ ಹೊಸ ಕಟ್ಟಡದ ಧಣಿ, ಎಂಟು ದಿನದೊಳಗೆ ಅಡ್ವಾನ್ಸು ಕೊಡದಿದ್ದರೆ ರೂಮನ್ನು ಮೊಬೈಲ್ ಅಂಗಡಿಯವರಿಗೆ ಕೊಡುತ್ತೇನೆ ಎಂದರಂತೆ. ಅಕ್ಕ ಇದನ್ನು ಬಾಗಿಲಲ್ಲಿ ನಿಂತು, ನೂಲಿನ ತುದಿಯನ್ನು ನಾಲಿಗೆಗೆ ತಾಗಿಸುತ್ತಾ ಹೇಳಿದರು. ಮನೆಗೆ ಬಂದವನು ಆ ವರದಿ ಬಂದ ದಿನ ಯಾವುದೆಂದು ನೋಡಲು ಡೈರಿ ತೆಗೆದೆ. ಅದರಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿತ್ತು: ‘ಟೈಲರ್ ಅಕ್ಕನಿಗೆ ವರದಿಯ ವಿಷಯ ತಿಳಿಸಿದೆ. ಹಳೆ ಅಡಿಕೆಯ ಉದಾಹರಣೆ ಕೊಟ್ಟೆ. ಅವರಿಗೆ ಅರ್ಥವಾಯಿತು. ಸದ್ಯ ಇಟ್ಟುಕೊಳ್ಳಲಿ.’

ಹಿಂದಿನ ಪುಟ, ಮುಂದಿನ ಪುಟ ಎಲ್ಲ ಹುಡುಕಿದೆ. ‘ಮಾರಿಬಿಡಿ’ ಎಲ್ಲಿಯೂ ಇಲ್ಲ. ಇನ್ನೊಂದು ದಿನ ಹೇಳಿ ಬರೆಯದೆ ಬಿಟ್ಟೆನೋ, ಶೇರು ಇಳಿದ ಮೇಲೆ ಮನಸ್ಸಿನಲ್ಲೇ ಹೇಳಿಕೊಂಡೆನೋ? ಡೈರಿಯನ್ನಾದರೂ ಎಷ್ಟು ನಂಬುವುದು? ‘ಅವರಿಗೆ ಅರ್ಥವಾಯಿತು’ ಎಂದು ಬರೆದಿದ್ದೇನೆ. ಅದು ನನಗೆ ಹೇಗೆ ಗೊತ್ತಾಯಿತು?

ಮರುದಿನ ಸಂಜೆ ಹೋಗಿ, ಡೈರಿಯಲ್ಲಿ ಕಂಡದ್ದನ್ನು ಹೇಳಿದೆ. ಅಕ್ಕ ಮೆಷಿನ್ ನಿಲ್ಲಿಸಲಿಲ್ಲ.

“ಅಡಿಕೆಯ ಮಾತು ನಿಮ್ಮದೇ,” ಎಂದರು. “ನನಗೆ ಆಗಲೇ ಸರಿ ಕಾಣಲಿಲ್ಲ. ಅಡಿಕೆ ಸುಮ್ಮನೆ ಇಟ್ಟರೆ ಹಳತಾಗುದಿಲ್ಲ ಮಾಷ್ಟ್ರೇ, ಹುಳ ಹಿಡಿಯುದು. ನಡುವೆ ಗೋಣಿ ಬಿಚ್ಚಿ ನೋಡ್ಲಿಕ್ಕೆ ಉಂಟು, ಬಿಸಿಲಿಗೆ ಹಾಕ್ಲಿಕ್ಕೆ ಉಂಟು. ಇದನ್ನು ಎಲ್ಲಿ ಬಿಚ್ಚಿ ನೋಡುದು?”

ಮತ್ತೆ ಆಗಲೇ ಯಾಕೆ ಹೇಳಲಿಲ್ಲ ಎಂದೆ.

“ನೀವು ಕಲಿತವರು. ಗೊತ್ತಿದ್ದೇ ಹೇಳುದು ಅಂತ ಗ್ರಹಿಸಿದೆ.”

ಮಾರಿ ಎಂದೂ ಹೇಳಿದ್ದೆನಲ್ಲ ಎಂದು ಕೇಳಿದೆ. ಹೌದು ಎನ್ನಲಿ ಎಂಬ ಆಸೆ ಇತ್ತು.

“ಹೇಳಿರ್ಬಹುದು. ನೀವು ಸೋಮವಾರ ಹೇಳಿದ್ದು ಗುರುವಾರಕ್ಕೆ ಇರುದಿಲ್ಲ.”

ಈಗ ಎಂತ ಮಾಡುದು ಎಂದು ಅವರು ಕೇಳಿದಾಗ ಅಭ್ಯಾಸಬಲದಿಂದ ಮೊಬೈಲ್ ತೆಗೆದೆ. ಗುಂಪಿನಲ್ಲಿ ಒಬ್ಬರು ಅದೇ ಶೇರು ಏರುತ್ತದೆ ಎಂದಿದ್ದರು, ಇನ್ನೊಬ್ಬರು ಮುಗಿಯಿತು ಎಂದಿದ್ದರು. ಇಬ್ಬರೂ ಯಾರೆಂದು ಗೊತ್ತಿಲ್ಲ. ನನಗೆ ಗೊತ್ತಾಗುವುದಿಲ್ಲ ಅಕ್ಕ ಎಂದೆ. ಆಮೇಲೆ ಮರೆಯಬಾರದೆಂದು ಅಲ್ಲೇ ಕೂತು ಕಿಸೆಯ ಪುಸ್ತಕದಲ್ಲಿ ಅದನ್ನು ಬರೆದುಕೊಂಡೆ.

“ಅಷ್ಟನ್ನು ಬರೀಲಿಕ್ಕೆ ಎಂತ ಉಂಟು ಮಾರಾಯ್ರೆ?” ಎಂದು ಅಕ್ಕ ಮೆಷಿನ್ ನಿಲ್ಲಿಸಿ, ತಂಗಿಯ ಮಗಳಿಗೆ ಫೋನ್ ಮಾಡಿದರು. ನಾಳೆ ಬೆಳಿಗ್ಗೆ ಅಡ್ವಾನ್ಸಿಗೆ ಬೇಕಾದಷ್ಟು ಮಾರು ಎಂದರು. ರೇಟು ಎಷ್ಟಿದ್ದರೆ ಮಾರುವುದೆಂದು ಅವಳು ಕೇಳಿದಳೆಂದು ಕಾಣುತ್ತದೆ. “ಎಷ್ಟಿದ್ದರೂ. ನಂಗೆ ಬೇಕಾದದ್ದು ರೂಮು.” ಇಳಿದ ರೇಟಿಗೆ ಹೆಚ್ಚು ಕಡಿಮೆ ಎಲ್ಲವೂ ಹೋಗಿ ಐದಾರು ಶೇರು ಉಳಿಯಿತು. ಅದು ಬೀಜಕ್ಕಿರಲಿ ಎಂದರಂತೆ.

ಈಗ ಅಕ್ಕನ ಮೆಷಿನ್ ಹೊಸ ರೂಮಿನಲ್ಲಿದೆ. ಕಪ್ಪು ನೂಲನ್ನು ಕೂತಲ್ಲಿಯೇ ಪೋಣಿಸುತ್ತಾರೆ. ಆ ಶೇರಿನ ರೇಟು ಅವರು ಕೇಳುವುದಿಲ್ಲ. ನಾನು ಮಾತ್ರ ಬೆಳಿಗ್ಗೆ ಬಸ್ಸಿನಲ್ಲಿ ನೋಡುತ್ತೇನೆ, ಒಂದು ದಿನ ಏರಿರುತ್ತದೆ, ಮರುದಿನ ಇಳಿದಿರುತ್ತದೆ. ಯಾವುದನ್ನು ಕಂಡರೆ ನನಗೆ ಸಮಾಧಾನವಾಗುತ್ತದೆ ಎಂದು ಇನ್ನೂ ತಿಳಿದಿಲ್ಲ.